ಕಥೆಗೆ ತಕ್ಕ ನುಡಿ, ಕಥೆಗೆ ತಕ್ಕ ಅಳತೆ
(ವೀರಶೈವ ಕವಿಗಳ ಕಥನಕ್ರಮವನ್ನು ಕುರಿತು ಒಂದು ವಿಚಾರ)

ಶರಣರ ಚರಿತ್ರೆಯನ್ನು ಬರೆಯಹೊರಟ ತರುಣರು ಆಗಾಗ ನನ್ನಲ್ಲಿಗೆ ಬರುವುದುಂಟು. ಅವರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಎರಡೇ: ‘ಗ್ರಂಥಸ್ಥ ಭಾಷೆಯಲ್ಲಿ ಬರೆಯಲೋ, ಆಡುನುಡಿಯಲ್ಲಿ ಬರೆಯಲೋ?’ ಎಂಬುದೊಂದು; ‘ಎಷ್ಟು ಪುಟ ಆಗಬೇಕು?’ ಎಂಬುದು ಇನ್ನೊಂದು. ಬಹುಕಾಲ ಶಾಲೆಯಲ್ಲಿ ಕನ್ನಡ ಪಾಠ ಹೇಳಿದವನಾದ ನನಗೆ ಮೊದಮೊದಲು ಇವು ಬರಿಯ ಹೊರಗಿನ ಪ್ರಶ್ನೆಗಳೆಂದೇ ತೋರುತ್ತಿದ್ದವು. ವಿಷಯ ಚೆನ್ನಾಗಿದ್ದರೆ ನುಡಿಯೂ ಅಳತೆಯೂ ತಾವಾಗಿಯೇ ಒದಗುತ್ತವೆಂದು ಹೇಳಿ ಕಳುಹಿಸುತ್ತಿದ್ದೆ. ಅದು ತಪ್ಪು ಉತ್ತರವೆಂದು ಈಗ ತಿಳಿದಿದ್ದೇನೆ. ನಮ್ಮ ಪ್ರಾಚೀನ ಕವಿಗಳು ಈ ಎರಡು ಪ್ರಶ್ನೆಗಳನ್ನೇ ಮುಂದಿಟ್ಟುಕೊಂಡು ಕಾವ್ಯರಚನೆಗೆ ತೊಡಗಿದವರು. ಅವರು ಕಂಡುಕೊಂಡ ಉತ್ತರಗಳ ಇತಿಹಾಸವೇ ವೀರಶೈವ ಕಾವ್ಯದ ಇತಿಹಾಸದ ಒಂದು ಮುಖ್ಯ ಭಾಗವೆಂದರೆ ಅತಿಶಯೋಕ್ತಿಯಾಗದು.

ಮೊದಲಿಗೆ ನೆರೆಯ ತಮಿಳುನಾಡಿನ ಒಂದು ನಿದರ್ಶನವನ್ನು ನೋಡುವುದು ಉಚಿತ. ಅರುವತ್ತುಮೂವರು ಪುರಾತನರ ಕಥೆಗಳು ಅಲ್ಲಿ ಮೂರು ಅಳತೆಗಳಲ್ಲಿ ಹೇಳಲ್ಪಟ್ಟಿವೆ. ಸುಂದರರು ತಮ್ಮ ‘ತಿರುತ್ತೊಂಡತ್ತೊಗೈ’ ಎಂಬ ಹಾಡಿನಲ್ಲಿ ಕೇವಲ 11 ಪದ್ಯಗಳೊಳಗೆ ಭಕ್ತರೆಲ್ಲರನ್ನೂ ಹೆಸರಿಸಿ, ತಾವು ಅವರ ದಾಸರೆಂದು ಹೇಳಿಕೊಂಡರು. ಅದು ನಮಸ್ಕಾರ; ನಮಸ್ಕಾರಕ್ಕೆ ಹೆಸರೊಂದಿದ್ದರೆ ಸಾಕು. ಆಮೇಲೆ ಬಂದ ನಂಬಿಯಾಂಡಾರ್ ನಂಬಿಯು ಅದೇ ಹೆಸರುಗಳನ್ನು ಹಿಡಿದು ಒಬ್ಬೊಬ್ಬ ಭಕ್ತನ ಮುಖ್ಯ ಕಾರ್ಯವನ್ನು ಸಂಕ್ಷೇಪವಾಗಿ ಸೂಚಿಸುವ ಅಂತಾದಿಯನ್ನು ರಚಿಸಿದನು. ಅದು ಸ್ಮರಣೆ, ಕಥೆಯನ್ನು ಬಲ್ಲವನಿಗೆ ಕೊಡುವ ಸೂಚನೆ. ಹನ್ನೆರಡನೆಯ ಶತಮಾನದಲ್ಲಿ ಸೇಕ್ಕಿಳಾರನು ಅದೇ ವಸ್ತುವನ್ನು 4,000ಕ್ಕೂ ಹೆಚ್ಚು ಪದ್ಯಗಳ ‘ಪೆರಿಯಪುರಾಣ’ವಾಗಿ ಬೆಳೆಸಿದನು. ಅದು ಕಥನ, ಕಥೆಯನ್ನು ಅರಿಯದವನಿಗೆ ಊರು, ಕುಲ, ಕಾಯಕಗಳ ಸಮೇತ ಮಾಡಿಕೊಡುವ ಪರಿಚಯ. ಮೂವರಲ್ಲಿ ಯಾರೂ ಅಳತೆಗೆಟ್ಟವರಲ್ಲ. ಹೇಳುವ ಉದ್ದೇಶ ಬದಲಾದಂತೆ ಅಳತೆಯೂ ಬದಲಾಯಿತು, ಅಷ್ಟೆ.

ಈ ಪುರಾತನರ ಕಥೆಗಳನ್ನು ಕನ್ನಡದಲ್ಲಿ ಹಾಡಿದ ಹರಿಹರ ಮಹಾಕವಿಯ ಮುಂದೆ ಇನ್ನೂ ಕಠಿಣವಾದ ಸಮಸ್ಯೆಯಿತ್ತು. ಆತನ ಕಾಲ ಹನ್ನೆರಡನೆಯ ಶತಮಾನದ ಕೊನೆ, ಹದಿಮೂರನೆಯ ಶತಮಾನದ ಆದಿ. ಪಂಪನು 941ರಲ್ಲಿ ತನ್ನ ಎರಡು ಕಾವ್ಯಗಳನ್ನು ರಚಿಸಿದಂದಿನಿಂದ ಕನ್ನಡದಲ್ಲಿ ದೊಡ್ಡ ಕಥೆಯೆಂದರೆ ಚಂಪೂ ಎಂಬುದು ರೂಢಿಯಾಗಿತ್ತು. ಕಂದ, ವೃತ್ತ, ಗದ್ಯಗಳ ಈ ಮಾರ್ಗವು ರಾಜರ ಕಥೆಗೆ, ತೀರ್ಥಂಕರರ ಭವಾವಳಿಗೆ ಒಪ್ಪುವಂಥದು. ಸಮುದ್ರ, ಪರ್ವತ, ನಗರ, ಋತು, ಜಲಕ್ರೀಡೆ ಮೊದಲಾದ ಅಷ್ಟಾದಶ ವರ್ಣನೆಗಳು ಅದಕ್ಕೆ ಭೂಷಣ. ಆದರೆ ಕುಂಬಾರನೊಬ್ಬನ ಮನೆಯಂಗಳದಲ್ಲಿ ಜಲಕ್ರೀಡೆಗೆ ಎಡೆಯೆಲ್ಲಿ? ಬೇಡನೊಬ್ಬನ ಭಕ್ತಿಯನ್ನು ಹೇಳುವಾಗ ರಾಜಧಾನಿಯ ವರ್ಣನೆಯನ್ನು ಎಲ್ಲಿಂದ ತರುವುದು?

ಹರಿಹರನು ಚಂಪುವನ್ನು ಅರಿಯದವನೆಂದು ಯಾರೂ ಹೇಳುವಂತಿಲ್ಲ. ಹತ್ತು ಆಶ್ವಾಸಗಳ ‘ಗಿರಿಜಾಕಲ್ಯಾಣ’ವು ಪ್ರೌಢ ಚಂಪೂಕಾವ್ಯ. ‘ರಗಳೆಯ ಕವಿ’ ಎಂದು ಜನ ಹೀಯಾಳಿಸಿದ್ದರಿಂದ ಆತನು ತನ್ನ ಪಾಂಡಿತ್ಯವನ್ನು ತೋರಿಸಲು ಅದನ್ನು ಬರೆದನೆಂಬ ಐತಿಹ್ಯವುಂಟು. ಅದು ಆತನ ಮೊದಲ ಕೃತಿಯೆಂಬ ವಾದವೂ ಉಂಟು. ಅನುಕ್ರಮ ಹೇಗೇ ಇರಲಿ, ಎರಡೂ ಮಾರ್ಗಗಳು ಆತನಿಗೆ ಕರಗತವಾಗಿದ್ದವೆಂಬುದು ನಿಶ್ಚಯ. ಜಗತ್ತಿನ ತಾಯಿತಂದೆಗಳ ವಿವಾಹವೆಂದರೆ ದೊಡ್ಡ ಮನೆಯ ಮದುವೆ. ಅಲ್ಲಿ ಹಿಮವಂತನ ವೈಭವವಿದೆ, ವಸಂತನಿದ್ದಾನೆ, ಕಾಮನಿದ್ದಾನೆ, ದಿಬ್ಬಣವಿದೆ. ಚಂಪುವಿನ ಅಲಂಕಾರವೆಲ್ಲ ಅಲ್ಲಿ ಸಾರ್ಥಕ. ಅದೇ ಕವಿ ಪುರಾತನರ, ಶರಣರ ಬಾಗಿಲಿಗೆ ಬಂದಾಗ ಆ ಆಭರಣಗಳನ್ನು ಹೊರಗಿಟ್ಟು ಒಳಹೊಕ್ಕನು.

ಆತನು ಆರಿಸಿಕೊಂಡ ರಗಳೆ ಹೊಸದೇನಲ್ಲ. ಚಂಪೂಕಾವ್ಯಗಳ ನಡುವೆ ವರ್ಣನೆಗೆಂದು ಅಲ್ಲೊಂದು ಇಲ್ಲೊಂದು ರಗಳೆಯಿರುತ್ತಿತ್ತು, ಪಂಪನಲ್ಲಿಯೂ ಇದೆ. ಅಂಥ ಬಿಡಿ ತುಣುಕನ್ನು ಎತ್ತಿ ಸ್ವತಂತ್ರ ಕಾವ್ಯರೂಪವನ್ನಾಗಿ ಮಾಡಿದ್ದು ಹರಿಹರನ ಸಾಹಸ. ರಗಳೆಯ ಗುಣವನ್ನು ವಿದ್ಯಾರ್ಥಿಗಳು ಗಮನಿಸಬೇಕು. ವೃತ್ತಕ್ಕೆ ನಾಲ್ಕು ಪಾದ, ಷಟ್ಪದಿಗೆ ಆರು ಪಾದ. ರಗಳೆಗೆ ಪಾದಗಳ ಲೆಕ್ಕವಿಲ್ಲ. ಎರಡೆರಡು ಸಾಲುಗಳು ಪ್ರಾಸದಿಂದ ಜೋಡಿಯಾಗಿ ನಡೆಯುತ್ತವೆ. ಎಷ್ಟು ಜೋಡಿ ಬೇಕೆಂಬುದನ್ನು ಕಥೆಯೇ ನಿರ್ಧರಿಸುತ್ತದೆ. ನಡಿಗೆಯಲ್ಲಿಯೂ ಆಯ್ಕೆಯುಂಟು: ಮೂರು ಮಾತ್ರೆಯ ಗಣಗಳ ಉತ್ಸಾಹ, ನಾಲ್ಕು ಮಾತ್ರೆಯ ಮಂದಾನಿಲ, ಐದು ಮಾತ್ರೆಯ ಲಲಿತ. ದೋರಸಮುದ್ರದ ಅರಮನೆಯಲ್ಲಿ ಆತನು ಕರಣಿಕನಾಗಿದ್ದನೆಂದು ಸಂಪ್ರದಾಯ ಹೇಳುತ್ತದೆ. ಲೆಕ್ಕ ಬರೆದ ಕೈ ಕಾವ್ಯದಲ್ಲಿ ಲೆಕ್ಕವಿಲ್ಲದ ಛಂದಸ್ಸನ್ನು ಹಿಡಿಯಿತು. ಆದರೆ ಯಾವ ಕಥೆಗೆ ಎಷ್ಟು ಸಲ್ಲಬೇಕೆಂಬ ಲೆಕ್ಕ ಮಾತ್ರ ತಪ್ಪಲಿಲ್ಲ.

ಕುಂಬಾರ ಗುಂಡಯ್ಯನ ಕಥೆಯನ್ನೇ ನೋಡಿ. ಗುಂಡಯ್ಯನು ಶಿವಧ್ಯಾನದಲ್ಲಿ ತನ್ಮಯನಾಗಿ ಗಡಿಗೆಯನ್ನು ಬಡಿಯುತ್ತಾನೆ. ಆ ಸದ್ದಿಗೆ ಶಿವನು ಬಂದು ಕುಣಿಯುತ್ತಾನೆ. ಶಿವನು ಕುಣಿದೊಡನೆ ಲೋಕವೂ ಕುಣಿಯುತ್ತದೆ. ಕಥೆ ಇಷ್ಟೇ. ಇದರಲ್ಲಿ ತಿರುವುಗಳಿಲ್ಲ, ವೈರಿಗಳಿಲ್ಲ, ವಿರಹವಿಲ್ಲ. ಹರಿಹರನು ಇದನ್ನು ಒಂದೇ ಓಟದ ಸಣ್ಣ ರಗಳೆಯಾಗಿ ಹಾಡಿದ್ದಾನೆ. ಬಡಿತವೇ ಕಥೆಯಾದ್ದರಿಂದ ಛಂದಸ್ಸಿನ ಬಡಿತವೇ ಅರ್ಧ ಕೆಲಸವನ್ನು ಮಾಡುತ್ತದೆ.

ಈ ಸತ್ಯವನ್ನು ನನಗೆ ಮೊದಲು ಕಲಿಸಿದವನು ಆರನೆಯ ತರಗತಿಯ ಒಬ್ಬ ಹುಡುಗ. ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಗುಂಡಯ್ಯನ ಕಥೆಯನ್ನು ಹೇಳತೊಡಗಿ, ಕೈಲಾಸದ ವರ್ಣನೆಯನ್ನೂ ಶಿವನ ಒಡ್ಡೋಲಗದ ವೈಭವವನ್ನೂ ಸಂಸ್ಕೃತಭೂಯಿಷ್ಠವಾದ ಮಾತುಗಳಲ್ಲಿ ಅರ್ಧ ತಾಸು ಬಿಚ್ಚಿದೆ. ಕುಂಬಾರರ ಮನೆಯ ಆ ಹುಡುಗ ಎದ್ದು ನಿಂತು, ‘ಸಾರ್, ಗಡಿಗೆ ಯಾವಾಗ ಬರ್‍ತದೆ?’ ಎಂದು ಕೇಳಿದ. ತರಗತಿ ನಕ್ಕಿತು, ನಾನು ಗದರಿಸಿ ಕೂರಿಸಿದೆ. ಆ ಹೊತ್ತಿಗೆ ಅದು ಉದ್ಧಟತನವೆಂದು ತೋರಿತ್ತು. ಆತನ ಮನೆಯ ತಿಗರಿ, ಆತನ ತಂದೆಯ ಕೈ ಕಥೆಯೊಳಗೆ ಬರಲೆಂದು ಆತ ಕಾಯುತ್ತಿದ್ದನೆಂಬುದು ಅರ್ಥವಾಗಲು ನನಗೆ ಬಹಳ ವರ್ಷ ಬೇಕಾಯಿತು.

ದೊಡ್ಡ ಕಥೆ ಬಂದಾಗ ಹರಿಹರನ ಕ್ರಮವೇ ಬೇರೆ. ‘ಬಸವರಾಜದೇವರ ರಗಳೆ’ಯಲ್ಲಿ ನಮಗೆ ದೊರೆತಿರುವುದು 13 ಸ್ಥಲಗಳು ಮಾತ್ರ. ಅವುಗಳಲ್ಲಿ ಒಂದು ಸ್ಥಲ ಪದ್ಯವಾದರೆ ಮುಂದಿನದು ಗದ್ಯ. ಕಪ್ಪಡಿಸಂಗಮದ ಏಕಾಂತಭಕ್ತಿಯಿಂದ ಮಂಗಳವಾಡದ ಅರಮನೆಯ ಅಧಿಕಾರದವರೆಗೆ ಹಬ್ಬಿದ ಬಾಳನ್ನು ಒಂದೇ ಲಯದಲ್ಲಿ ಹೇಳಿದರೆ ಕೇಳುವ ಕಿವಿ ದಣಿಯುತ್ತದೆ; ಎತ್ತು ಬದಲಿಸಿ ಗಾಡಿ ಹೂಡುವ ಹಾಗೆ ಕವಿಯು ನಡಿಗೆಯನ್ನು ಬದಲಿಸುತ್ತಾನೆ. ‘ನಂಬಿಯಣ್ಣನ ರಗಳೆ’ಯ ಕ್ರಮವೂ ಇದೇ. ಈ ನಂಬಿಯಣ್ಣನೇ ಹಿಂದೆ ಹೇಳಿದ ಸುಂದರರು. ಉಳಿದ ಭಕ್ತರನ್ನು ಒಂದೊಂದೇ ಮಾತಿನಲ್ಲಿ ನಮಿಸಿದಾತನ ಕಥೆ ಹರಿಹರನಲ್ಲಿ ವಿಸ್ತಾರವಾಗಿ ಬೆಳೆಯಿತು. ಕಾರಣ ಸ್ಪಷ್ಟ: ಇಬ್ಬರು ಮಡದಿಯರು, ಕೊಟ್ಟ ಭಾಷೆ, ತಪ್ಪಿದ ಭಾಷೆ, ಮುನಿದ ಹೆಂಡತಿಯ ಮನೆಗೆ ಶಿವನೇ ಸಂಧಾನಕ್ಕೆ ನಡೆದುಹೋಗುವುದು ಇವೆಲ್ಲ ಆ ಬಾಳಿನಲ್ಲಿವೆ. ಗುಂಡಯ್ಯನು ಸಣ್ಣ ಭಕ್ತನೆಂದು ಸಣ್ಣ ರಗಳೆಯಲ್ಲ, ನಂಬಿಯಣ್ಣನು ದೊಡ್ಡ ಭಕ್ತನೆಂದು ದೊಡ್ಡ ರಗಳೆಯಲ್ಲ. ಕಥೆಯ ಉದ್ದವು ಭಕ್ತಿಯ ಅಳತೆಗೋಲಲ್ಲ. ಜಯಂತಿಗಳ ಸಂದರ್ಭದಲ್ಲಿ ಗ್ರಂಥ ಬರೆಯುವವರು ಈ ಮಾತನ್ನು ವಿಶೇಷವಾಗಿ ನೆನಪಿಡಬೇಕೆಂದು ನನ್ನ ಅಭಿಪ್ರಾಯ.

ಹರಿಹರನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು ಗುರುವಿನ ದಾರಿಯನ್ನು ಹಾಗೆಯೇ ತುಳಿಯಲಿಲ್ಲ. ಆತನು ಷಟ್ಪದಿಯನ್ನು ಹಿಡಿದನು. ಹರಿಶ್ಚಂದ್ರನೆಂಬ ನರನನ್ನು ಹಾಡಿದನೆಂದು ಗುರುವು ಕೋಪದಿಂದ ಹೊಡೆಯಲು ಐದು ಹಲ್ಲುಗಳು ಉದುರಿದವೆಂದೂ, ಆಮೇಲೆ ಐದು ಶೈವಕಾವ್ಯಗಳನ್ನು ಬರೆದು ಅವನ್ನು ಮರಳಿ ಪಡೆದನೆಂದೂ ಐತಿಹ್ಯವಿದೆ. ಕಥೆಯ ನಿಜಾನಿಜಗಳೇನೇ ಇರಲಿ, ವಸ್ತುವಿನ ಆಯ್ಕೆ ಎಷ್ಟು ಗಂಭೀರವಾದ ವಿಷಯವಾಗಿತ್ತೆಂಬುದಕ್ಕೆ ಅದು ಸಾಕ್ಷಿ.

ಷಟ್ಪದಿಯ ಪ್ರಭೇದಗಳನ್ನು ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿಸಿ ಬಿಡುತ್ತೇವೆ. ಅವುಗಳ ಪ್ರಯೋಜನವನ್ನು ಹೇಳುವುದಿಲ್ಲ. ಮಾತ್ರೆಗಳನ್ನು ಕೂಡಿಸಿ ನೋಡಿದರೆ ವಿಷಯ ತಿಳಿಯುತ್ತದೆ. ಶರಷಟ್ಪದಿಯ ಒಂದು ಪದ್ಯಕ್ಕೆ 60 ಮಾತ್ರೆ, ಭಾಮಿನಿಗೆ 102, ವಾರ್ಧಕಕ್ಕೆ 144. ಶರವು ಚಿಟಿಕೆ ಹಾಕಿ ಹಾಡುವಷ್ಟು ಹಗುರ. ಮೂರು ನಾಲ್ಕರ ಗಣಗಳು ಒಂದರ ಬೆನ್ನಿಗೊಂದು ಬರುವ ಭಾಮಿನಿಯು ಕಥೆ ಹೇಳುವವನ ಉಸಿರಿಗೆ ಹೊಂದುವ ನಡೆ. ಐದೈದರ ಗಣಗಳ ವಾರ್ಧಕವು ಅಗಲವಾದ ಅಂಗಳ. ಅಲ್ಲಿ ಇಬ್ಬರು ಎದುರುಬದುರು ನಿಂತು ವಾದಿಸಬಹುದು. ವಸಿಷ್ಠ ವಿಶ್ವಾಮಿತ್ರರ ವಾಗ್ವಾದವಿರುವ ‘ಹರಿಶ್ಚಂದ್ರಕಾವ್ಯ’ವು ವಾರ್ಧಕದಲ್ಲಿದೆ. ಪ್ರಶ್ನೆ, ಉತ್ತರ, ಮರುಪ್ರಶ್ನೆ ಎಲ್ಲವೂ ಒಂದೇ ಪದ್ಯದೊಳಗೆ ಇಕ್ಕಟ್ಟಿಲ್ಲದೆ ನಿಲ್ಲುವುದನ್ನು ಅಲ್ಲಿ ಕಾಣಬಹುದು. ದಕ್ಷಯಜ್ಞವನ್ನು ಧ್ವಂಸಮಾಡುವ ವೀರಭದ್ರನ ಕಥೆಗೆ ಅದೇ ಕವಿ ವಾರ್ಧಕವನ್ನು ಬಿಟ್ಟು ಉದ್ದಂಡ ಷಟ್ಪದಿಯನ್ನು ಬಳಸಿದ್ದಾನೆ. ‘ವೀರೇಶಚರಿತೆ’ಯ ರೌದ್ರಕ್ಕೆ ಆ ಬಿರುನಡೆಯೇ ತಕ್ಕುದೆಂದು ಆತನ ಕಿವಿ ಹೇಳಿರಬೇಕು.

ಇನ್ನೂ ಸೂಕ್ಷ್ಮವಾದ ನಿದರ್ಶನ ‘ಸಿದ್ಧರಾಮಚರಿತ್ರೆ’ಯದು. ಸೊನ್ನಲಿಗೆಯ ದನ ಕಾಯುವ ಹುಡುಗ ಮಲ್ಲಯ್ಯನಿಗಾಗಿ ಮನೆಗೆ ಓಡಿ ಉಣಿಸನ್ನು ತರುತ್ತಾನೆ. ಬಂದು ನೋಡಿದರೆ ಮಲ್ಲಯ್ಯನಿಲ್ಲ. ಕಂಡಕಂಡವರನ್ನು ಕೇಳುತ್ತ, ಅಳುತ್ತ, ಶ್ರೀಶೈಲದವರೆಗೆ ಹುಡುಕಿಕೊಂಡು ಹೋಗುತ್ತಾನೆ. ಛಂದಸ್ಸು ಇಲ್ಲಿಯೂ ವಾರ್ಧಕವೇ. ಆದರೆ ಆ ವಿಶಾಲವಾದ ಪದ್ಯದೊಳಗೆ ಕವಿಯು ಸಣ್ಣ ಸಣ್ಣ ಮಾತುಗಳನ್ನೂ ಮಗುವಿನ ಕರೆಯನ್ನೂ ತುಂಬಿದ್ದಾನೆ. ದೊಡ್ಡ ಛಂದಸ್ಸಿಗೆ ದೊಡ್ಡ ಶಬ್ದಗಳೇ ಬೇಕೆಂಬ ನಿಯಮವಿಲ್ಲ. ನುಡಿಯು ಪಾತ್ರದ ಬಾಯಿಂದ ಬರಬೇಕು; ಕವಿಯ ಕೋಶದಿಂದಲ್ಲ.

ಕೇಳುವವರು ಯಾರೆಂಬುದು ಕೂಡ ಅಳತೆಯನ್ನು ನಿರ್ಣಯಿಸುತ್ತದೆ. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ‘ಬಸವಪುರಾಣ’ವನ್ನು ರಚಿಸುವಾಗ ಪಂಡಿತಮಾನ್ಯವಾದ ಚಂಪುವನ್ನು ಬಿಟ್ಟು, ಜನರ ಬಾಯಲ್ಲಿ ನಲಿಯುವ ದ್ವಿಪದವನ್ನೂ ತಿಳಿಯಾದ ದೇಸಿ ತೆಲುಗನ್ನೂ ಆರಿಸಿಕೊಂಡನು. 1369ರಲ್ಲಿ ಭೀಮಕವಿಯು ಆ ಪುರಾಣವನ್ನು ಕನ್ನಡಕ್ಕೆ ತಂದಾಗ ದ್ವಿಪದವನ್ನು ಅನುಕರಿಸದೆ ಭಾಮಿನಿ ಷಟ್ಪದಿಯನ್ನು ಹಿಡಿದನು. ತೆಲುಗು ಕಿವಿಗೆ ದ್ವಿಪದ ಹೇಗೋ ಕನ್ನಡ ಕಿವಿಗೆ ಭಾಮಿನಿ ಹಾಗೆ ಎಂಬ ವಿವೇಕ ಅದರ ಹಿಂದಿದೆ. ಆ ಕಾವ್ಯದ ವಿಸ್ತಾರವನ್ನು ಕಂಡು ಇಂದಿನ ವಿದ್ಯಾರ್ಥಿ ಬೆದರಬಹುದು. ಆದರೆ ಅದು ಒಬ್ಬನೇ ಕುಳಿತು ಒಂದೆರಡು ದಿನಗಳಲ್ಲಿ ಓದಿ ಮುಗಿಸುವ ಪುಸ್ತಕವಲ್ಲ. ನಮ್ಮೂರಿನ ಮಠದಲ್ಲಿ ಶ್ರಾವಣಮಾಸದುದ್ದಕ್ಕೂ ಪುರಾಣ ನಡೆಯುತ್ತಿತ್ತು. ಹೊಲದಿಂದ ಬಂದವರು ಕೈಕಾಲು ತೊಳೆದು ವಿಭೂತಿ ಧರಿಸಿ ಬಂದು ಕೂರುತ್ತಿದ್ದರು. ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಒಂದು ಸಂಜೆಗೆ ಒಂದಿಷ್ಟು ಕಥೆ. ತಿಂಗಳ ಸಂಜೆಗಳಿಗೆ ಹಂಚಿ ನೋಡಿದರೆ ಆ ಉದ್ದವು ಉದ್ದವೇ ಅಲ್ಲ.

ಇದಕ್ಕೆ ಪ್ರತಿಯಾಗಿ ಚಾಮರಸನು ಪ್ರೌಢದೇವರಾಯನ ಕಾಲದಲ್ಲಿ, ಎಂದರೆ ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ, ಅದೇ ಭಾಮಿನಿಯಲ್ಲಿ ‘ಪ್ರಭುಲಿಂಗಲೀಲೆ’ಯನ್ನು 25 ಗತಿಗಳ 1,111 ಪದ್ಯಗಳಿಗೆ ಮಿತಗೊಳಿಸಿದನು. ಅಲ್ಲಮಪ್ರಭುವು ಒಂದೆಡೆ ನಿಲ್ಲದ ಜಂಗಮ. ಬರುತ್ತಾನೆ, ಒಬ್ಬರ ಅಜ್ಞಾನವನ್ನು ಕಳೆಯುತ್ತಾನೆ, ಮುಂದೆ ಹೋಗುತ್ತಾನೆ. ಗೊಗ್ಗಯ್ಯನ ತೋಟದಲ್ಲಿ ಆತನು ನೆಲೆಸುವುದಿಲ್ಲ, ಸಿದ್ಧರಾಮನ ಕೆರೆಯ ದಡದಲ್ಲಿಯೂ ನೆಲೆಸುವುದಿಲ್ಲ. ಹಾಗಾದರೆ ಕವಿಯು ಒಂದೊಂದು ಎಡೆಯಲ್ಲಿ ಕಾಲೂರಿ ನಿಂತು ವರ್ಣಿಸುವುದು ಹೇಗೆ ಉಚಿತವಾದೀತು? ಅಧ್ಯಾಯಗಳಿಗೆ ‘ಗತಿ’ ಎಂದು ಹೆಸರಿಟ್ಟದ್ದು ಕೂಡ ಸಾರ್ಥಕವಾಗಿದೆ. ಈ ಕಾವ್ಯವು ತಮಿಳಿಗೂ ತೆಲುಗಿಗೂ ಅನುವಾದಗೊಂಡುದಕ್ಕೆ ಅದರ ತತ್ತ್ವದೊಡನೆ ಈ ಮಿತವೂ ಕಾರಣವೆಂದು ನಾನು ಭಾವಿಸುತ್ತೇನೆ.

ಹದಿನೇಳನೆಯ ಶತಮಾನದ ಷಡಕ್ಷರದೇವನು ಮತ್ತೆ ಚಂಪುವಿಗೆ ಮರಳಿದನು. ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ ‘ಭಾವಚಿಂತಾರತ್ನ’ದಲ್ಲಿ ಹೇಳಿದ್ದ ಸತ್ಯೇಂದ್ರಚೋಳನ ಕಥೆಯನ್ನೇ ‘ರಾಜಶೇಖರವಿಲಾಸ’ವಾಗಿ ವಿಸ್ತರಿಸಿದನು. ವರ್ಣನೆ, ಶ್ಲೇಷೆ, ಶೃಂಗಾರಗಳ ಈ ಸಮೃದ್ಧಿ ಪಂಡಿತರ ಮೆಚ್ಚುಗೆಗೆ ಪಾತ್ರವಾದುದೇ. ಆದರೆ ಇಂದಿಗೂ ಓದುಗರ ಕಣ್ಣಲ್ಲಿ ನೀರು ತರಿಸುವ ಭಾಗ ಯಾವುದು? ರಾಜಕುಮಾರನ ಕುದುರೆಯ ಕಾಲಿಗೆ ಸಿಕ್ಕಿ ಸತ್ತ ಮಗನನ್ನು ನೆನೆದು ತಿರುಕೊಳವಿನಾಚಿಯು ಗೋಳಾಡುವ ಭಾಗ. ಅಷ್ಟು ಹೊತ್ತು ಪ್ರೌಢಿಮೆಯನ್ನು ಮೆರೆದ ಕವಿ ಅಲ್ಲಿ ತಾಯಿಯ ಮಾತಿಗೆ ಇಳಿಯುತ್ತಾನೆ. ಇಳಿಯುತ್ತಾನೆ ಎಂದದ್ದು ತಪ್ಪು, ಏರುತ್ತಾನೆ. ವಿದ್ವತ್ತು ದೋಷವಲ್ಲ, ದುಃಖದ ಮುಂದೆ ಅದನ್ನು ಕಳಚಿಡಬಲ್ಲೆನೇ ಎಂಬುದೇ ಪರೀಕ್ಷೆ. ಷಡಕ್ಷರಿಯು ಆ ಎಡೆಯಲ್ಲಿ ಪರೀಕ್ಷೆಯನ್ನು ಗೆದ್ದಿದ್ದಾನೆ.

ಇವೆಲ್ಲಕ್ಕಿಂತ ಬೇರೆಯಾದ, ನನ್ನ ದೃಷ್ಟಿಯಲ್ಲಿ ಅತ್ಯಂತ ವಿನಯದ ಮಾರ್ಗವೊಂದಿದೆ. ಅದು ಶೂನ್ಯಸಂಪಾದನೆಯದು. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರು ಸಿದ್ಧವೀರಣಾರ್ಯನವರೆಗೆ ನಾಲ್ವರು ಸಂಪಾದನಕಾರರು ಶರಣರ ವಚನಗಳನ್ನೇ ಸಂವಾದವಾಗಿ ಜೋಡಿಸಿದರು. ಅನುಭವಮಂಟಪದಲ್ಲಿ ಪ್ರಭುವು ಮಹಾದೇವಿಯಕ್ಕನನ್ನು ಪ್ರಶ್ನಿಸುವ ಪ್ರಸಂಗದಲ್ಲಿ ಪ್ರಭುವಿನ ಮಾತು ಪ್ರಭುವಿನದೇ, ಅಕ್ಕನ ಉತ್ತರ ಅಕ್ಕನದೇ. ಸಂಪಾದನಕಾರನದು ನಡುವೆ ಕೂಡಿಸುವ ಕಿರುಗದ್ಯ ಮಾತ್ರ. ಹೂವಿನ ಮಾಲೆಯಲ್ಲಿ ನೂಲಿನಷ್ಟು.

ಇನ್ನು ನನ್ನದೇ ಒಂದು ಅಪರಾಧವನ್ನು ನಿವೇದಿಸಿ ಈ ಲೇಖನವನ್ನು ಮುಗಿಸುತ್ತೇನೆ. ಬಹಳ ವರ್ಷಗಳ ಹಿಂದೆ ಒಂದು ಜಾತ್ರೆಯ ಸಂದರ್ಭಕ್ಕೆಂದು ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯನ್ನು ಬರೆದುಕೊಡಲು ಒಪ್ಪಿಕೊಂಡೆ. ಪುಸ್ತಕ ನೂರು ಪುಟವಾದರೂ ಇರಲೆಂದು ಕೇಳಿದವರ ಅಪೇಕ್ಷೆ. ಆ ಮಹಾತಾಯಿಯ ಬಗ್ಗೆ ನಮಗೆ ತಿಳಿದಿರುವುದೆಷ್ಟು? ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳೆಂಬುದು, ಸುಮಾರು 25 ವಚನಗಳು, ಶೂನ್ಯಸಂಪಾದನೆಯ ಒಂದು ಪ್ರಸಂಗ. ಇಷ್ಟರಿಂದ ನೂರು ಪುಟ ತುಂಬಲಿಲ್ಲ. ಆದ್ದರಿಂದ ಆಕೆಗೊಂದು ಬಾಲ್ಯವನ್ನು ಕಟ್ಟಿದೆ; ಒಂದು ಮದುವೆಯನ್ನು ಮಾಡಿಸಿದೆ; ತಂದೆಗೊಂದು ಹೆಸರಿಟ್ಟೆ. ಕಥೆಯೆಂದು ಎಲ್ಲಿಯೂ ಸೂಚಿಸಲಿಲ್ಲ. ಹತ್ತಾರು ವರ್ಷಗಳ ಮೇಲೆ ಬೇರೊಂದು ಊರಿನ ಪ್ರವಚನದಲ್ಲಿ ಕುಳಿತಿದ್ದಾಗ, ಪ್ರವಚನಕಾರರು ಲಕ್ಕಮ್ಮನ ತಂದೆಯ ಹೆಸರನ್ನು ಹೇಳಿದರು. ಅದು ನಾನೇ ಇಟ್ಟ ಹೆಸರು! ನೂರಾರು ಜನ ಭಕ್ತಿಯಿಂದ ತಲೆದೂಗಿದರು. ಎದ್ದು ನಿಂತು ಹೇಳುವ ಧೈರ್ಯ ಅಂದು ನನಗಾಗಲಿಲ್ಲ. ಪುಟ ತುಂಬಿಸಲು ಮಾಡಿದ ಕೆಲಸ ಚರಿತ್ರೆಯೊಳಗೆ ಸುಳ್ಳಾಗಿ ಕುಳಿತಿತ್ತು.

ಆ ರಾತ್ರಿ ಲಕ್ಕಮ್ಮನ ಪ್ರಸಂಗವನ್ನೇ ಮತ್ತೆ ತೆರೆದು ಓದಿದೆ. ಮಾರಯ್ಯನು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ತಂದನು. ಲಕ್ಕಮ್ಮನು ಅದನ್ನು ಕಂಡೊಡನೆ, ಇದು ನಮ್ಮ ಅಳತೆಯದಲ್ಲವೆಂದು ತಿಳಿದು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಅಂಥವಳ ಚರಿತ್ರೆಯಲ್ಲಿ ನಾನು ಅಳತೆ ಮೀರಿದ್ದೆ.

ಅಂದಿನಿಂದ ಆ ಪುಸ್ತಕದ ಪ್ರತಿ ಎಲ್ಲಿ ಕಂಡರೂ ಕೇಳಿ ಪಡೆದು, ಕಲ್ಪಿತವಾದ ಪುಟಗಳ ಮೇಲೆ ‘ಇದು ನನ್ನ ಕಲ್ಪನೆ’ ಎಂದು ಬರೆದು ಸಹಿ ಮಾಡಿ ಹಿಂದಿರುಗಿಸುತ್ತಿದ್ದೇನೆ. ಇದುವರೆಗೆ ಹದಿನಾಲ್ಕು ಪ್ರತಿಗಳಾಗಿವೆ. ಉಳಿದವು ಯಾರ ಮನೆಯಲ್ಲಿದ್ದರೂ ದಯಮಾಡಿ ಹಾಗೆಯೇ ಗುರುತು ಹಾಕಿಕೊಳ್ಳಬೇಕೆಂದು ಈ ಪತ್ರಿಕೆಯ ವಾಚಕರಲ್ಲಿ ಪ್ರಾರ್ಥಿಸುತ್ತೇನೆ. ಚರಿತ್ರೆ ಬರೆಯಲು ಬರುವ ತರುಣರಿಗೂ ಈಗ ನಾನು ಕೊಡುವ ಉತ್ತರ ಬೇರೆ. ಕಥೆಯಲ್ಲಿರುವವರು ಯಾರು, ಕೇಳುವವರು ಯಾರು, ನಮಗೆ ನಿಜವಾಗಿ ತಿಳಿದಿರುವುದೆಷ್ಟು ಎಂಬ ಮೂರನ್ನು ಮೊದಲು ಒಂದು ಹಾಳೆಯಲ್ಲಿ ಬರೆದು ತನ್ನಿರಿ ಎನ್ನುತ್ತೇನೆ. ಕೆಲವರು ಆ ಒಂದು ಹಾಳೆಯನ್ನು ತರುತ್ತಾರೆ. ಅದನ್ನು ಓದಿದ ಮೇಲೆ ಪುಟಗಳ ಮಾತು ಅವರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.